ನಾಲ್ಕು ಹಾಳೆಯ ಪುರಾಣ

"ಇವತ್ತು ಹೊಲದ ಮೂಲೆಯಲ್ಲಿ ಒಂದು ಹಳದಿ ಹೂ ಬಿಟ್ಟಿದೆ. ಯಾರಿಗೂ ಹೇಳಿಲ್ಲ. ಕಿತ್ತು ಈ ಪುಟದೊಳಗೆ ಇಟ್ಟಿದ್ದೇನೆ. ತಪ್ಪೇ?"

ಗಂಗಾಂಬಿಕೆ ದಿನಚರಿಯಲ್ಲಿ ಇಷ್ಟು ಬರೆದಳು. ಕೊನೆಯ ಪ್ರಶ್ನೆಗೆ ಉತ್ತರ ಬರೆಯುವ ಧೈರ್ಯ ಸಾಲದೆ ಪುಸ್ತಕ ಮುಚ್ಚಿ, ಅಡುಗೆಮನೆಯ ಹುರುಳಿ ಡಬ್ಬದ ಹಿಂದೆ ಬಚ್ಚಿಟ್ಟಳು. ಒಂದು ಹೂ ಕಿತ್ತದ್ದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಆದರೆ ಈ ಹೂವಿಗಾಗಿ ಗುಂಡ್ಲುಪೇಟೆಯ ಬ್ಲಾಕ್ ಆಫೀಸು ಕಾದು ಕುಳಿತಿತ್ತು.

ಬೇಗೂರಿನಲ್ಲಿ ಮೈಸೂರು ರಸ್ತೆಗೆ ತಾಗಿಕೊಂಡೇ ಅವಳ ಅಪ್ಪ ಶಿವಮಲ್ಲಪ್ಪನವರ ಎರಡೆಕರೆ ಹೊಲ. ಅಲ್ಲಿ ಶಿವಮಲ್ಲಪ್ಪನವರ ತಾತ ರಾಗಿ ಬೆಳೆದರು, ಅವರಪ್ಪ ರಾಗಿ ಬೆಳೆದರು, ಇವರೂ ರಾಗಿಯನ್ನೇ ಬೆಳೆದರು. ವರ್ಷ ವರ್ಷಕ್ಕೆ ತೆನೆ ಗಿಡ್ಡವಾಗುತ್ತ ಬಂತು. ಅದಕ್ಕೆ ಪಕ್ಕದ ಹೊಲದ ಕೆಂಪಯ್ಯನ ಕಣ್ಣೇ ಕಾರಣವೆಂದು ಶಿವಮಲ್ಲಪ್ಪನವರು ಬಹಳ ಕಾಲ ನಂಬಿದ್ದರು. ಹಾಗಿರುವಾಗ ಬ್ಲಾಕಿನಿಂದ ಗ್ರಾಮಸೇವಕ ನೀಲಕಂಠಸ್ವಾಮಿ ಸೈಕಲ್ಲೇರಿ ಬಂದ. ಹರವೆ ಕಡೆಯ ಹುಡುಗ, ಎಸ್ಸೆಸ್ಸೆಲ್ಸಿ ಮುಗಿಸಿ ತರಬೇತಿ ಪಡೆದವನು. ಹೆಗಲಿಗೆ ಖಾಕಿ ಚೀಲ. ಸುಮ್ಮಸುಮ್ಮನೆ ಕೆಂಪಾಗುವ ಕಿವಿ.

"ಕೆಂಪಯ್ಯನ ಕಣ್ಣಲ್ಲ ಯಜಮಾನ್ರೇ, ಮಣ್ಣು ಸೊರಗಿದೆ. ಭರಣಿ ಮಳೆಗೆ ಸೆಣಬು ಬಿತ್ತಿ. ಕಾಳಿನ ಜಾತಿ ಅದು, ಗಾಳಿಯಲ್ಲಿರೋ ಸತ್ವ ಹಿಡಿದು ಬೇರಿನ ಗಂಟಲ್ಲಿ ಇಟ್ಟುಕೊಳ್ಳುತ್ತೆ. ಹೂ ಬಂದ ಕೂಡಲೇ ಉತ್ತು ಮಣ್ಣಿಗೆ ಮುಚ್ಚಿಬಿಡಿ. ಆಮೇಲೆ ರಾಗಿ ನೋಡಿ!"

"ಅಂದ್ರೆ ಕುಯ್ಯದಿಲ್ವಾ?" ಎಂದರು ಶಿವಮಲ್ಲಪ್ಪ.

"ಇಲ್ಲ."

"ತಿನ್ನದಿಲ್ವಾ?"

"ಇಲ್ಲ."

"ಮಾರದೂ ಇಲ್ವಾ?"

"ಇಲ್ಲ ಯಜಮಾನ್ರೇ. ಅದು ಮಣ್ಣಿಗೆ ಊಟ."

ಬದುವಿನ ಮೇಲೆ ಕೂತಿದ್ದ ಕೆಂಪಯ್ಯ ಬೀಡಿ ತೆಗೆದ. "ಮಣ್ಗೆ ಊಟ ಬ್ಯಾರೆ ಹಾಕ್ಬೇಕಾ ಸೇವಕ್ರೇ? ಕಡೀಗೆ ನಮ್ಮನ್ನೇ ತಿಂತದಲ್ಲ, ಸಾಲ್ದಾ?"

ಶಿವಮಲ್ಲಪ್ಪನವರೂ ಅದೇ ಅಭಿಪ್ರಾಯಕ್ಕೆ ಬರುತ್ತಿದ್ದರು. ಅಷ್ಟರಲ್ಲಿ ನೀಲಕಂಠಸ್ವಾಮಿ, ಹೊಲದಲ್ಲಿ ಸರ್ಕಾರದಿಂದ ಒಂದು ಬೋರ್ಡು ನೆಡುತ್ತಾರೆ, ಅದರಲ್ಲಿ ರೈತನ ಹೆಸರಿರುತ್ತದೆ ಎಂದ.

"ಬಸ್ನಲ್ಲಿ ಓಗೋರ್ಗೆ ಕಾಣ್ತದಾ?"

"ಕಾಣೋ ಹಾಗೇ ನೆಡೋಣ."

ಹಸಿರೆಲೆ ಗೊಬ್ಬರದ ಮೇಲೆ ಶಿವಮಲ್ಲಪ್ಪನವರಿಗೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಬೀಜ ಚಾಮರಾಜನಗರದ ಸ್ಟೇಷನ್ನಿಗೆ ರೈಲಿನಲ್ಲಿ ಬಂದಿದೆ ಎಂದು ತಿಳಿದದ್ದೇ ತಡ, ಗಾಡಿಗೂ ಕಾಯದೆ ತಾವೇ ಹೋಗಿ, ಎರಡು ಬಸ್ಸು ಬದಲಾಯಿಸಿ, ಮೂಟೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಬೋರ್ಡು ನೆಟ್ಟ ಮೇಲಂತೂ ದಿನಾ ಹತ್ತು ಗಂಟೆಯ ಬಸ್ಸು ಬರುವ ಹೊತ್ತಿಗೆ ಹೊಲಕ್ಕೆ ಹೋಗಿ, ಹೆಗಲ ವಲ್ಲಿಯಿಂದ ಅದರ ಧೂಳೊರೆಸಿ, ಪಕ್ಕದಲ್ಲಿ ಫೋಟೋಕ್ಕೆ ನಿಂತಂತೆ ನಿಲ್ಲುವುದು ಅವರ ಬೇಸಾಯದ ಮುಖ್ಯ ಕೆಲಸವಾಯಿತು. ಊರಿನಲ್ಲಿ ಇನ್ನೂ ಹನ್ನೊಂದು ಮಂದಿ ಅವರನ್ನು ನೋಡಿ ಸೆಣಬು ಬಿತ್ತಿದರು. ಕೆಂಪಯ್ಯನೂ ಅರ್ಧ ಎಕರೆಗೆ ಎರಚಿದ. ಗೊಬ್ಬರವಾಗದಿದ್ದರೆ ನಾರಾದರೂ ಸಿಕ್ಕಿ ಹಗ್ಗ ಹೊಸೆಯಬಹುದು ಎಂಬುದು ಅವನ ದೂರಾಲೋಚನೆ.

ಸೆಣಬು ಮೊಳಕಾಲು ದಾಟಿತು, ಸೊಂಟ ಮುಟ್ಟಿತು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೀದಿಯ ತಿರುವಿನಲ್ಲಿ ಸೈಕಲ್ ಬೆಲ್ಲು ಕೇಳಿಸುತ್ತಿತ್ತು.

ಇತ್ತ ಗಂಗಾಂಬಿಕೆ ಮೈಸೂರಿನಲ್ಲಿ ಚರಿತ್ರೆ ಓದಿ ಬಿ.ಎ. ಮಾಡಿದವಳು. ಯಾವ ಯುದ್ಧ ಯಾವ ಇಸವಿಯಲ್ಲಿ ನಡೆಯಿತೆಂದು ನಿದ್ದೆಯಲ್ಲೂ ಹೇಳಬಲ್ಲಳು. ಎಚ್ಚರವಿದ್ದಾಗ ಮಾತ್ರ ಎದುರಿಗೆ ಹೊಸಬರಿದ್ದರೆ ತನ್ನ ಹೆಸರನ್ನೂ ಹೇಳಲಾರಳು. ನೀಲಕಂಠಸ್ವಾಮಿ ಅದುವರೆಗೆ ಅವಳೊಡನೆ ಆಡಿದ ಮಾತು ಮೂರು: "ಸ್ವಲ್ಪ ನೀರು ಕೊಡ್ತೀರಾ?" "ಯಜಮಾನ್ರು ಇದಾರಾ?" "ಮಳೆ ಬರೋ ಹಾಗಿದೆ." ಅವಳು ಮೊದಲನೆಯದಕ್ಕೆ ಚೊಂಬು ತಂದಿಟ್ಟಳು, ಎರಡನೆಯದಕ್ಕೆ ಹೊಲದ ದಿಕ್ಕಿಗೆ ಕೈ ತೋರಿಸಿದಳು, ಮೂರನೆಯದಕ್ಕೆ ಆಕಾಶ ನೋಡಿದಳು. ಮೂರು ಮಾತೂ ತಾರೀಖು ಸಮೇತ ದಿನಚರಿಯಲ್ಲಿದ್ದವು.

ಹೂ ಬಂದರೆ ಉಳುತ್ತಾರೆ. ಉತ್ತರೆ ಸೆಣಬಿನ ಕೆಲಸ ಮುಗಿಯುತ್ತದೆ. ಕೆಲಸ ಮುಗಿದ ಮನೆಗೆ ಗ್ರಾಮಸೇವಕನ ಸೈಕಲ್ಲು ಯಾಕೆ ಬಂದೀತು? ಈ ಲೆಕ್ಕ ಬೇಗೂರಿನಲ್ಲಿ ಇನ್ನಾರ ತಲೆಗೂ ಹೊಳೆದಿರಲಿಲ್ಲ.

ಎರಡನೆಯ ದಿನ ಐದು ಹೂ. ಮೂರನೆಯ ದಿನ ಮಡಿಲು ತುಂಬ. ಹಿತ್ತಿಲ ಬಾಗಿಲಲ್ಲಿ ಸೋದರತ್ತೆ ಚಿಕ್ಕಮಲ್ಲಮ್ಮ ಅಡ್ಡ ಸಿಕ್ಕರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಇಡೀ ಮನೆಯನ್ನು ಹದ್ದಿನ ಕಣ್ಣಿನಲ್ಲಿ ಕಾಯುವವರು ಅವರು.

"ಏನಮ್ಮಿ ಅದು ಮಡ್ಲಲ್ಲಿ?"

"ಪೂಜೆಗೆ ಅತ್ತೆ."

"ಸೆಣಬಿನ ಹೂವ ಯಾವ ದ್ಯಾವ್ರು ಮುಡೀತನೆ?"

ಗಂಗಾಂಬಿಕೆ ಒಳಗೆ ಓಡಿದಳು. ನಾಲ್ಕನೆಯ ದಿನ ಹೊಲ ಯಾರ ಮಡಿಲಿಗೂ ಕಾಯದೆ ಹಳದಿ ಹೊದ್ದು ನಿಂತಿತು. ಶಿವಮಲ್ಲಪ್ಪನವರು ಬೋರ್ಡಿನ ಕಡೆ ಮುಖ ಮಾಡಿದ್ದರಿಂದ ಅವರಿಗಿಂತ ಮೊದಲು ಬಸ್ಸಿನವರು ಅದನ್ನು ನೋಡಿದರು.

ಅಂದು ಶುಕ್ರವಾರ. ನೀಲಕಂಠಸ್ವಾಮಿ ಹೂ ಕಂಡು ಹಿಗ್ಗಿದ, ಮರುಗಳಿಗೆಯೇ ಯಾಕೋ ಮಂಕಾದ. "ನಾಳೆಯೇ ನೇಗಿಲು ಕಟ್ಟಿಸಿ" ಎಂದು ಚೀಲದಿಂದ ನಾಲ್ಕು ಹಾಳೆಯ ಪುಸ್ತಿಕೆಯೊಂದನ್ನು ತೆಗೆದ. "ವಿವರವೆಲ್ಲ ಇದರಲ್ಲಿದೆ. ಕನ್ನಡದ್ದು ಇನ್ನೂ ಅಚ್ಚಾಗಿ ಬಂದಿಲ್ಲ. ಇಂಗ್ಲಿಷಿನಲ್ಲಿದೆ. ನನಗೂ... ಅಂದ್ರೆ, ಸ್ವಲ್ಪ ಕಷ್ಟದ ಇಂಗ್ಲಿಷು."

ಶಿವಮಲ್ಲಪ್ಪನವರ ಎದೆ ಬೋರ್ಡಿನಷ್ಟು ಅಗಲವಾಯಿತು. "ನಮ್ಮ ಗಂಗಾ ಬಿ.ಎ. ಮಾಡಿರದು ಯಾತಕ್ಕೆ? ಸಂಜೆ ಜಗ್ಲೀಲಿ ಓದಿ ಅರ್ಥ ಹೇಳ್ತಾಳೆ, ಊರೆಲ್ಲಾ ಕೇಳ್ಲಿ! ಪುಸ್ತಕ ಹಿಡಿದ ಮ್ಯಾಲೆ ಮುಗಿಸಿ ಮಂಗಳ ಮಾಡ್ದೆ ಕೈಬುಡಬಾರ್ದು. ಮಂಗಳ ಆದ ಮಾರನೇ ದಿನ ನೇಗ್ಲು."

ಆ ಜಗಲಿಯಲ್ಲಿ ವರ್ಷವೂ ಪುರಾಣ ಓದಿಸುವುದು ಮನೆತನದ ಪದ್ಧತಿ. ಮರದ ಪೀಠದ ಮೇಲೆ ಪುಸ್ತಕ, ಅದಕ್ಕೆ ವಿಭೂತಿ, ಪಕ್ಕದಲ್ಲಿ ದೀಪ. ಒಂದು ಸಂಜೆಗೆ ಒಂದು ಸಂಧಿ. ಪೂರ್ತಿ ಮುಗಿದ ದಿನ ಮಂಗಳಾರತಿ, ಎಲ್ಲರಿಗೂ ಕಡಲೆಪುರಿ. ನಡುವೆ ನಿಲ್ಲಿಸಿದರೆ ಮನೆಗೆ ಆಗದು. ಓದುತ್ತಿದ್ದ ಸಿದ್ದಯ್ಯನವರಿಗೆ ಕಣ್ಣು ಮಂಜಾಗಿ ಎರಡು ವರ್ಷದಿಂದ ಜಗಲಿ ಬರಿದಾಗಿತ್ತು. ಹೀಗಾಗಿ ಓದು ಎಂಬ ಸುದ್ದಿ ಹಬ್ಬಿದ್ದೇ ತಡ, ಯಾವ ಪುರಾಣವೆಂದೂ ಕೇಳದೆ ಜನ ಚಾಪೆ ಹಿಡಿದು ಬಂದರು. ಚಿಕ್ಕಮಲ್ಲಮ್ಮನವರು ಸರ್ಕಾರಿ ಪುಸ್ತಿಕೆಗೆ ಮೂರು ಬೆರಳು ವಿಭೂತಿ ಎಳೆದರು. ನೀಲಕಂಠಸ್ವಾಮಿ ಕಂಬಕ್ಕೊರಗಿ ನಿಂತ.

ಗಂಗಾಂಬಿಕೆಗೆ ಒಂದು ವಿಚಿತ್ರ ಅನುಕೂಲವಿತ್ತು: ಕೈಯಲ್ಲಿ ಕಾಗದವಿದ್ದರೆ ಅವಳ ಬಾಯಿ ಬರುತ್ತಿತ್ತು. ಮೊದಲ ಪುಟವನ್ನು ನಿಯತ್ತಾಗಿ ಓದಿದಳು. ಬೆಳೆ ತೆಗೆದು ತೆಗೆದು ಮಣ್ಣು ಸೊರಗುವ ಬಗೆ, ಬೇರಿನ ಗಂಟು, ಎಲೆ ಕೊಳೆತು ಸಾರವಾಗುವ ಕ್ರಮ. ಹಾಳೆ ಮಗುಚಿದಳು. ಮೇಲ್ಗಡೆಯೇ ದಪ್ಪಕ್ಷರದಲ್ಲಿ, ಮೊದಲ ಹೂಗಳು ಕಂಡೊಡನೆ ತಡಮಾಡದೆ ಉಳಬೇಕು ಎಂದಿತ್ತು. ತಲೆಯೆತ್ತಿದಳು. ಕಂಬದ ಹತ್ತಿರ ಎರಡು ಕೆಂಪು ಕಿವಿ ಕಂಡವು.

"ಇಲ್ಲಿಗೆ ಮೊದಲನೆಯ ಸಂಧಿ ಮುಗಿಯಿತು" ಎಂದುಬಿಟ್ಟಳು.

ಜನ ಕೈಮುಗಿದು, ಚಾಪೆ ಸುತ್ತಿಕೊಂಡು, ಬಹಳ ತೃಪ್ತಿಯಿಂದ ಮನೆಗೆ ಹೋದರು.

ಅಲ್ಲಿಂದ ಮುಂದೆ ಅವಳ ದಾರಿ ಸುಲಭವಾಯಿತು, ಜಾರುಬಂಡೆ ಸುಲಭವಾಗುವಂತೆ. ದಪ್ಪಕ್ಷರದ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಮಿಕ್ಕದ್ದನ್ನು ಮನಸ್ಸಿನಿಂದ ಓದತೊಡಗಿದಳು. ಎರಡನೆಯ ಸಂಧಿಯಲ್ಲಿ ಬೀಜ ಮಣ್ಣಿನೊಳಗೆ ಮಲಗಿ ಮೇಲಿನ ಕಾಲಸಪ್ಪಳ ಕೇಳಿಸಿಕೊಳ್ಳುತ್ತಿತ್ತು. ಐದನೆಯದರಲ್ಲಿ ಎಲೆಗಳು ಒಂದಕ್ಕೊಂದು ಹೇಳಿಕೊಳ್ಳಲಾರದ ಮಾತು ಬೇರಿಗೆ ಇಳಿದು ಗಂಟಾಗುತ್ತಿತ್ತು. ಒಂಬತ್ತನೆಯ ಸಂಜೆಯ ಹೊತ್ತಿಗೆ ಇಂಗ್ಲಿಷು ಪೂರ್ತಿ ಹಿಂದೆ ಬಿದ್ದಿತ್ತು.

"ಹೂ ಬಿಟ್ಟ ಗಿಡ ಮಾತಾಡಲಾರದು" ಎಂದು ಅವಳು ನಾಲ್ಕು ಹಾಳೆಯ ಮೇಲೆ ಕಣ್ಣಿಟ್ಟು ಓದಿದಳು. "ಯಾರಿಗಾಗಿ ಹೂ ಬಿಟ್ಟಿತೋ ಅವರು ಬರುವ ದಾರಿಯನ್ನೇ ನೋಡುತ್ತ ನಿಂತಿರುತ್ತದೆ. ಗಾಳಿ ಬಂದರೂ ಅವರೇ ಎಂದುಕೊಳ್ಳುತ್ತದೆ. ವಾರದಲ್ಲಿ ಎರಡು ದಿನ ಬಂದರೂ ಅದಕ್ಕೆ ಸಾಕು."

ಚಿಕ್ಕಮಲ್ಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಸರ್ಕಾರದೋರು ಎಂಗೆ ಬರ್ದವ್ರೆ ನೋಡು! ಅವ್ರಿಗೂ ಎಂಡ್ರು ಮಕ್ಳು ಇರ್ತಾರಲ್ಲ."

"ಅದ್ಸರಿ, ವಾರಕ್ಕೆರಡು ದಿನ ಬರದು ಯಾರು?" ಎಂದ ಕೆಂಪಯ್ಯ.

"ಜೇನುನೊಣ ಕಣ್ಲಾ!" ಶಿವಮಲ್ಲಪ್ಪನವರು ಗದರಿದರು. "ಇಷ್ಟೂ ಗೊತ್ತಾಗದಿಲ್ವಾ?"

ಕಂಬದ ಹತ್ತಿರ ನೀಲಕಂಠಸ್ವಾಮಿ ತಲೆ ಬಗ್ಗಿಸಿ ತನ್ನ ನೋಟುಪುಸ್ತಕದಲ್ಲಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಅವನೀಗ ವಾರಕ್ಕೆರಡಲ್ಲ, ದಿನಾ ಸಂಜೆ ಬರುತ್ತಿದ್ದ. ನಲವತ್ತೆರಡು ಜನ ರೈತರು ಕೃಷಿ ಪುಸ್ತಿಕೆ ಕೇಳಲು ದಿನಾ ಸೇರುವುದು ಬ್ಲಾಕಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಕೇಳಿದ ಓದನ್ನೂ ಸೇರಿಸಿ ಅವನು ಆಫೀಸಿಗೆ ವರದಿ ಕಳಿಸಿದ.

ಒಂದು ಮಂಗಳವಾರ ಸೈಕಲ್ಲಿನ ಕ್ಯಾರಿಯರ್ ಮೇಲೆ ದಾರ ಕಟ್ಟಿದ ಪೊಟ್ಟಣವಿತ್ತು.

"ಏನ್ ಸೇವಕ್ರೇ ಅದು?" ಎಂದರು ಶಿವಮಲ್ಲಪ್ಪ.

"ಆಫೀಸಿನ ಕಾಗದ" ಎಂದ ಅವನು. ಖಾಕಿ ಚೀಲವನ್ನು ಅದರ ಮೇಲೆ ಎಳೆದು ಮುಚ್ಚಿದ. ಕಿವಿ ಎರಡೂ ಕೆಂಪಗಾದವು.

ಇತ್ತ ಹೊಲದಲ್ಲಿ ಸೆಣಬಿಗೆ ಯಾವ ಪುರಾಣದ ಹಂಗೂ ಇರಲಿಲ್ಲ. ಎದೆಯೆತ್ತರ ಬೆಳೆಯಿತು. ಕಾಂಡ ಬಲಿಯಿತು. ಹೂ ಉದುರಿದ ಕಡೆ ಕಾಯಿ ಕಚ್ಚಿತು. ಉಳಿದ ಹನ್ನೊಂದು ಹೊಲದವರೂ, ಶಿವಮಲ್ಲಪ್ಪನವರ ಮನೆಯಲ್ಲಿ ಮಂಗಳವಾಗದೆ ತಾವು ನೇಗಿಲು ಇಟ್ಟರೆ ಅಪಚಾರವೆಂದು ಸುಮ್ಮನಿದ್ದರು. ಆರಿದ್ರೆ ಮಳೆ ಮುಗಿಯುತ್ತ ಬಂತು. ರಾಗಿ ಬಿತ್ತನೆಯ ಕಾಲ ಹೊಸ್ತಿಲಿಗೆ ಬಂದು ಕೂತಿತು.

"ತಮ್ಮಾ, ಪುಸ್ತಕ ನಾಕು ಹಾಳೆ" ಎಂದರು ಚಿಕ್ಕಮಲ್ಲಮ್ಮ ಒಂದು ದಿನ. "ಓದು ಹದಿನೇಳು ದಿನ ಆಯ್ತು."

"ಅದು ಇಂಗ್ಲಿಷು ಕಣಕ್ಕ! ಒತ್ತೊತ್ತಾಗಿ ಬರ್ದಿರ್ತಾರೆ. ಬುಡಿಸಿದ್ರೆ ಒಂದೊಂದ್ ಹಾಳೆ ನೂರ್ ಹಾಳೆ ಆಯ್ತದೆ."

"ಬುಡಿಸ್ತಾ ಬುಡಿಸ್ತಾ ಹುಡ್ಗಿ ಸೊರಗ್ತಾ ಅವ್ಳೆ. ಊಟ ಮಾಡದಿಲ್ಲ. ಸಂಜೆ ಆದ್ರೆ ಮಾತ್ರ ತಲೆ ಬಾಚ್ಕತಾಳೆ."

"ಓದೋರು ಚೊಕ್ಕಟವಾಗಿ ಇರ್ಬೇಕಲ್ವಾ?" ಎಂದು ಶಿವಮಲ್ಲಪ್ಪನವರು ಬಸ್ಸಿನ ಹೊತ್ತಾಯಿತೆಂದು ಎದ್ದರು.

ಆ ದಿನ ಗಂಗಾಂಬಿಕೆ ಬರೆದಳು: "ಇವತ್ತು ಅವರು, 'ಒಂಬತ್ತನೆಯ ಸಂಧಿ ತುಂಬಾ ಚೆನ್ನಾಗಿತ್ತು' ಅಂದರು. ನಾನು ಚೊಂಬು ತರಲು ಒಳಗೆ ಹೋದೆ. ಅವರು ನೀರು ಕೇಳಿರಲಿಲ್ಲ."

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಸರಿಯಾಗಿ ಬೋರ್ಡಿನ ಪಕ್ಕ ನಿಂತಿದ್ದ ಶಿವಮಲ್ಲಪ್ಪನವರ ಮುಂದೆ ಬಸ್ಸಿನ ಬದಲು ಜೀಪು ನಿಂತಿತು. ಬ್ಲಾಕಿನ ಸಾಹೇಬರಾದ ಶಿವರುದ್ರಸ್ವಾಮಿಯವರು ಇಳಿದರು. ಕೈಯಲ್ಲಿ ನೀಲಕಂಠಸ್ವಾಮಿ ಕಳಿಸಿದ್ದ ವರದಿ. ಹಿಂದೆಯೇ ಸೈಕಲ್ ತಳ್ಳಿಕೊಂಡು ನೀಲಕಂಠಸ್ವಾಮಿ. ಜೀಪು ಬಂದರೆ ಊರು ಬಾರದೆ ಇದ್ದೀತೆ? ಚಾಪೆ ಒಂದಿಲ್ಲ, ಮಿಕ್ಕಂತೆ ಜಗಲಿಯ ಸಭೆಯೇ ಹೊಲಕ್ಕೆ ಬಂದಿತು. ಚಿಕ್ಕಮಲ್ಲಮ್ಮನವರು ಗಂಗಾಂಬಿಕೆಯನ್ನು ಕೈಹಿಡಿದು ಎಳೆದುಕೊಂಡೇ ಬಂದರು. ಸಾಹೇಬರು ಏನಾದರೂ ಕೇಳಿದರೆ ಹೇಳುವವರು ಬೇಡವೇ?

ಸಾಹೇಬರು ಒಂದು ಗಿಡ ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ಗಿಲಿಗಿಲಿ ಎಂದಿತು, ಕಾಯಿ ಒಣಗುತ್ತಿತ್ತು.

"ಒಂದು ಸಾಲು ಉತ್ತು ತೋರಿಸಿ."

ಕೆಂಪಯ್ಯ ತನ್ನ ಎತ್ತು ಕಟ್ಟಿ ನೇಗಿಲು ಊರಿದ. ಹತ್ತು ಹೆಜ್ಜೆಗೆ ಸೆಣಬಿನ ನಾರು ನೇಗಿಲಿಗೆ ಸುತ್ತಿಕೊಂಡು ಎತ್ತುಗಳು ಹಿಂದಿರುಗಿ ಅವನ ಮುಖ ನೋಡಿದವು. "ಸಾಮಿ, ಇದ್ನ ಉಳಕ್ಕಾಗಾಕಿಲ್ಲ. ನೇಗ್ಲು ಕಟ್ಟಾಕಕ್ಕೆ ಹಗ್ಗ ಬೇಕಂದ್ರೆ ಸರ್ಯಾಗದೆ."

ಸಾಹೇಬರು ಕನ್ನಡಕ ಏರಿಸಿ ವರದಿ ಬಿಡಿಸಿದರು. "ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಇಂಥ ರಿಪೋರ್ಟು ನೋಡಿಲ್ಲ. ಕೇಳಿ ಎಲ್ಲರೂ! 'ಹೂ ಬಿಟ್ಟ ಗಿಡ ಮಾತಾಡಲಾರದು. ಯಾರಿಗಾಗಿ ಹೂ ಬಿಟ್ಟಿತೋ ಅವರು ಬರುವ ದಾರಿಯನ್ನೇ ನೋಡುತ್ತ ನಿಂತಿರುತ್ತದೆ.' ಯಾರ ದಾರಿರೀ? 'ಗಾಳಿ ಬಂದರೂ ಅವರೇ ಎಂದುಕೊಳ್ಳುತ್ತದೆ.' ಏನ್ರೀ ಇದು, ಸೆಣಬೋ ಸೀತಮ್ಮನೋ?"

ಬಿಸಿಲಿನಲ್ಲಿ, ಗಡಸು ಗಂಟಲಿನಲ್ಲಿ, ಊರೆದುರು ತನ್ನ ಮಾತು ಹೀಗೆ ಒಂದೊಂದೇ ಹೊರಬೀಳುವುದನ್ನು ಕೇಳುತ್ತ ಗಂಗಾಂಬಿಕೆ ಅತ್ತೆಯ ಬೆನ್ನ ಹಿಂದೆ ಸರಿದಳು.

"ಪುಸ್ತಕದಲ್ಲಿರದೇ ಅದು ಸಾಹೇಬ್ರೇ" ಎಂದರು ಶಿವಮಲ್ಲಪ್ಪ. "ನಮ್ಮುಡ್ಗಿ ಬಿ.ಎ. ಅವಳು ಓದಿದ್ರಲ್ಲಿ ತಪ್ಪಿರಾಕಿಲ್ಲ."

ಸಾಹೇಬರು ಪುಸ್ತಿಕೆ ತರಿಸಿ, ವಿಭೂತಿ ಕೊಡವಿ, ಆ ಕಡೆಯಿಂದ ಈ ಕಡೆಗೆ ಎರಡು ನಿಮಿಷದಲ್ಲಿ ಓದಿ ಮುಗಿಸಿದರು. "ಮೊದಲ ಹೂ ಕಂಡ ಕೂಡಲೇ ಉಳಿ ಅಂತ ಇಷ್ಟು ದಪ್ಪಕ್ಷರದಲ್ಲಿದೆ!"

"ಹಂಗಾದ್ರೆ ಪುಸ್ತಕವೇ ಸುಳ್ಳು ಹೇಳ್ತದೆ" ಎಂದರು ಶಿವಮಲ್ಲಪ್ಪ, ತಟಕ್ಕನೆ.

ನೀಲಕಂಠಸ್ವಾಮಿ ಮುಂದೆ ಬಂದ. "ತಪ್ಪು ನನ್ನದು ಸಾರ್. ನಾನೇ ಅರ್ಥ ತಪ್ಪಾಗಿ ಹೇಳಿಕೊಟ್ಟೆ. ಓದಿದವರದ್ದೇನೂ ತಪ್ಪಿಲ್ಲ."

"ತುದಿಯ ಎಳೆ ಸೊಪ್ಪು ಕೊಯ್ದು ಮಣ್ಣಿಗೆ ಸೇರಿಸಿ, ಕಡ್ಡಿ ಕೆರೆಯಲ್ಲಿ ನೆನೆಹಾಕಿ ನಾರು ತೆಗೀರಿ. ರಾಗಿಗೆ ಇನ್ನೂ ಹೊತ್ತಿದೆ, ಬೆಳೆ ಹೇಗೋ ಬದುಕುತ್ತೆ" ಎಂದರು ಸಾಹೇಬರು. "ನೀನು ಬದುಕೋದಿಲ್ಲ. ಸೋಮವಾರದಿಂದ ಪುಣಜನೂರಿಗೆ ಹೋಗು. ಅಲ್ಲಿ ಕಾಡಿದೆ. ಆನೆಗಳಿಗೆ ಓದಿ ಹೇಳು."

ಪುಣಜನೂರು! ಗಂಗಾಂಬಿಕೆ ಮನಸ್ಸಿನಲ್ಲೇ ಹಾದಿ ಎಣಿಸಿದಳು. ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ, ಅಲ್ಲಿಂದ ಆಚೆಗೆ ಕಾಡಿನಂಚು. ಅಲ್ಲಿಂದ ಯಾವ ಸೈಕಲ್ ಬೆಲ್ಲೂ ಬೇಗೂರಿಗೆ ಕೇಳಿಸದು.

"ಇರಲಿ," ಸಾಹೇಬರಿಗೆ ಇನ್ನೊಂದು ನೆನಪಾಯಿತು. "ಹತ್ತು ದಿನದ ಹಿಂದೆಯೇ ಕನ್ನಡದ ಪುಸ್ತಿಕೆ ಕಳಿಸಿದ್ದೆನಲ್ಲ, ಐವತ್ತು? ಅದನ್ನೇಕೆ ಹಂಚಲಿಲ್ಲ?"

ನೀಲಕಂಠಸ್ವಾಮಿಯ ಕಣ್ಣು ಸೈಕಲ್ಲಿನ ಕ್ಯಾರಿಯರ್ ಕಡೆ ಹೋಯಿತು. ಕೆಂಪಯ್ಯ ಉಪಕಾರ ಮಾಡುವ ಉತ್ಸಾಹದಲ್ಲಿ ಸೈಕಲ್ಲಿನ ಮೇಲಿದ್ದ ಖಾಕಿ ಚೀಲ ಎತ್ತಿಬಿಟ್ಟ. ಅಡಿಯಲ್ಲಿ ಪೊಟ್ಟಣ. ದಾರ ಬಿಚ್ಚಿ ಮತ್ತೆ ಕಟ್ಟಿದ ಗುರುತು. ಸಾಹೇಬರು ಎಣಿಸಿದರು. ನಲವತ್ತೊಂಬತ್ತು. ಐವತ್ತನೆಯದು ನೀಲಕಂಠಸ್ವಾಮಿಯ ನೋಟುಪುಸ್ತಕದೊಳಗೆ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಓದಿ ಓದಿ ಅಂಚು ಸವೆದಿತ್ತು.

"ಅಂದ್ರೆ ನೀನು ಓದಿದ್ದೆ!" ಸಾಹೇಬರ ಕೋಪಕ್ಕಿಂತ ಆಶ್ಚರ್ಯ ದೊಡ್ಡದಾಗಿತ್ತು. "ನಿನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಅಲ್ಲಿ ಕೂತು ಕೇಳಿದೆಯಾ? ಯಾಕೆ?"

ನೀಲಕಂಠಸ್ವಾಮಿ ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಒರೆಸುತ್ತ ನಿಂತ. ಅದು ಬೋರ್ಡಿಗಿಂತ ಹೆಚ್ಚು ಹೊಳೆಯತೊಡಗಿತು. ಕಿವಿಯಿಂದ ಶುರುವಾದ ಕೆಂಪು ಕತ್ತಿಗೆ ಇಳಿಯಿತು. ಕೆಂಪಯ್ಯ ಅವನನ್ನು ನೋಡಿದ, ಸಾಹೇಬರನ್ನು ನೋಡಿದ, ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಚಿಕ್ಕಮಲ್ಲಮ್ಮನವರ ಬೆನ್ನ ಹಿಂದೆ ನೋಡಿದ.

"ಯಜಮಾನ್ರೇ," ಎಂದ, "ಜೇನುನೊಣ ಅಂದ್ರಲ್ಲ..."

"ಸುಮ್ನಿರ್ಲಾ!" ಎಂದರು ಶಿವಮಲ್ಲಪ್ಪ. ಅವರಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಗಂಗಾ, ಬಾರವ್ವ ಈಚ್ಗೆ. ಆ ಪುಸ್ತಕ ಈಸ್ಕೊಂಡು ಸಾಹೇಬ್ರಿಗೆ ಓದಿ ತೋರ್ಸು. ಎಲ್ಲದೆ ಆ ಸಾಲು?"

ಸಾಹೇಬರು ಪುಸ್ತಿಕೆ ಚಾಚಿದರು. ಗಂಗಾಂಬಿಕೆ ಅತ್ತೆಯ ಬೆನ್ನಿನಿಂದ ಹೊರಬಂದಳು. ಪುಸ್ತಿಕೆಗೆ ಕೈ ನೀಡಲಿಲ್ಲ. ಹತ್ತರ ಬಸ್ಸು ತಡವಾಗಿ ಬಂದು ಜೀಪಿನ ಹಿಂದೆ ನಿಂತಿತ್ತು. ಕಿಟಕಿಗಳ ತುಂಬ ತಲೆಗಳು. ಗಾಳಿಗೆ ಒಣ ಕಾಯಿಗಳೆಲ್ಲ ಒಮ್ಮೆ ಗಿಲಿಗಿಲಿ ಎಂದು ಸುಮ್ಮನಾದವು. ಕಾಗದವಿಲ್ಲದ ಎರಡು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಪುಸ್ತಕದಲ್ಲಿ ಹಾಗಿರಲಿಲ್ಲ ಅಪ್ಪ" ಎಂದಳು. "ಉತ್ತುಬಿಟ್ಟರೆ ಇವರು ನಮ್ಮನೆಗೆ ಬರೋದು ನಿಂತುಹೋಗ್ತಿತ್ತು."